ಮೊದಲು ಕಿವಿಗೆ, ಆಮೇಲೆ ಬಾಯಿಗೆ

ಇಂಗ್ಲಿಷ್ ಪತ್ರಿಕೆ ಓದಿದರೆ ತಿಳಿಯುತ್ತದೆ. ಅರ್ಜಿ ಬರೆಯಲು ಬರುತ್ತದೆ. ವ್ಯಾಕರಣದಲ್ಲೂ ಅಂಥ ತಪ್ಪೇನೂ ಆಗುವುದಿಲ್ಲ. ಆದರೆ ಇಂಗ್ಲಿಷ್ ಮನೆಮಾತಾಗಿರುವ ನಾಲ್ಕು ಜನ ಸೇರಿ ಹರಟೆಗೆ ಕೂತರೆ ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರಿಂದ ಹಿಡಿದು, ವರ್ಷಗಟ್ಟಲೆ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸಿದವರ ತನಕ ಅನೇಕರು ಹೇಳಿಕೊಳ್ಳುವ ಕಷ್ಟ ಇದು. ವಿಚಿತ್ರವೆಂದರೆ, ಅರ್ಥವಾಗದೆ ಹೋಗುವ ಮಾತುಗಳಲ್ಲಿ ದೊಡ್ಡ ಪದಗಳು ಇರುವುದೇ ಇಲ್ಲ. ‘ಹ್ಯಾಂಗ್’ ಗೊತ್ತು, ‘ಆನ್’ ಗೊತ್ತು. ‘ಹ್ಯಾಂಗ್ ಆನ್’ ಎಂದರೆ ‘ಸ್ವಲ್ಪ ತಡೀರಿ’ ಎಂಬುದು ಗೊತ್ತಿಲ್ಲ. ‘ಪುಟ್’, ‘ಅಪ್’, ‘ವಿತ್’ ಮೂರನ್ನೂ ಇಂಗ್ಲಿಷಿನ ಮೊದಲ ಪಾಠಗಳಲ್ಲೇ ಕಲಿತಿದ್ದೇವೆ. ಮೂರೂ ಒಟ್ಟಿಗೆ ಬಂದಾಗ ‘ಸಹಿಸಿಕೊಳ್ಳುವುದು’ ಎಂಬ ಅರ್ಥ ಎಲ್ಲಿಂದ ಹುಟ್ಟಿತು ಎಂದು ತಬ್ಬಿಬ್ಬಾಗುತ್ತೇವೆ.

ಹೊಸದಾಗಿ ಕಲಿಯುವವರಿಗೆ ಮೊದಲು ಧೈರ್ಯ ಹೇಳಬೇಕು. ಇದು ನಮಗೆ ಹೊಸ ವಿದ್ಯೆಯಲ್ಲ. ‘ಕಳ್ಳ ಕಾಲಿಗೆ ಬುದ್ಧಿ ಹೇಳಿದ’ ಎಂದರೆ ಕನ್ನಡಿಗನಾದವನು ಕಾಲಿಗೆ ಯಾರು ಏನು ಬುದ್ಧಿ ಹೇಳಿದರು ಎಂದು ಕೇಳುವುದಿಲ್ಲ. ಕಳ್ಳ ಓಡಿಹೋದ ಎಂದು ತಕ್ಷಣ ಗೊತ್ತಾಗುತ್ತದೆ. ‘ಆ ಸಾಲಕ್ಕೆ ಎಳ್ಳುನೀರು ಬಿಟ್ಟೆ’, ‘ಅಡುಗೆಯಲ್ಲಿ ಅವಳದ್ದು ಎತ್ತಿದ ಕೈ’, ‘ನನ್ನ ಕಿವಿಗೆ ಹೂ ಇಡಬೇಡ’ ಎಂದು ದಿನಕ್ಕೆಷ್ಟು ಸಲ ಹೇಳುತ್ತೇವೋ. ಇವನ್ನು ಯಾರೂ ನಮಗೆ ಪಾಠ ಮಾಡಲಿಲ್ಲ. ಅಜ್ಜಿಯ ಬಾಯಲ್ಲಿ, ಜಗಲಿಯ ಮೇಲೆ, ಬಸ್ಸಿನಲ್ಲಿ ಕೇಳಿ ಕೇಳಿ ಬಂದವು. ಮೊದಲು ಕಿವಿಗೆ ಬಿದ್ದವು, ಬಹಳ ಕಾಲದ ಮೇಲೆ ಬಾಯಿಗೆ ಬಂದವು. ಇಂಗ್ಲಿಷಿನ ನುಡಿಗಟ್ಟುಗಳನ್ನು ಕಲಿಯುವುದಕ್ಕೂ ಇದೇ ದಾರಿ ಎಂಬುದು ನನ್ನ ಗಟ್ಟಿ ನಂಬಿಕೆ. ಪಟ್ಟಿ ಮಾಡಿ ಬಾಯಿಪಾಠ ಹೊಡೆದು, ಮರುದಿನವೇ ಮಾತಿನಲ್ಲಿ ತುರುಕುವ ದಾರಿಯಲ್ಲಿ ಹೋದವರು ಎಡವುವುದೇ ಹೆಚ್ಚು.

ಎಡವುವುದಕ್ಕೆ ಒಂದು ಮುಖ್ಯ ಕಾರಣ, ನಮ್ಮ ನುಡಿಗಟ್ಟಿನ ಹಾಗೆಯೇ ಕಾಣುವ ಇಂಗ್ಲಿಷ್ ನುಡಿಗಟ್ಟುಗಳು. ‘ಮೂಗು ತೂರಿಸುವುದು’, ‘ಮೊಸಳೆ ಕಣ್ಣೀರು’ ಎರಡೂ ಭಾಷೆಯಲ್ಲಿ ಒಂದೇ ಅರ್ಥ ಕೊಡುತ್ತವೆ, ಅಲ್ಲಿ ತೊಂದರೆಯಿಲ್ಲ. ಆದರೆ ‘ಗಿವ್ ಮಿ ಎ ಹ್ಯಾಂಡ್’ ನೋಡಿ. ಕನ್ನಡದಲ್ಲಿ ‘ಅವನು ಕೈ ಕೊಟ್ಟ’ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದರ್ಥ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ನೇರ ಎದುರು ಅರ್ಥ! ಅದೇ ಮಾತಿಗೆ ‘ಬಿಗ್’ ಸೇರಿ ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಆದರೆ ಆಕೆಗೆ ಜೋರಾಗಿ ಚಪ್ಪಾಳೆ ತಟ್ಟಿ ಎಂದಾಗುತ್ತದೆ. ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ನಾವು ಕ್ಷಮೆ ಕೇಳುತ್ತೇವೆ. ‘ಐ ಕಾಂಟ್ ಸ್ಟಮಕ್ ಹಿಮ್’ ಎಂದು ಅವರು ಹೇಳಿದರೆ ಆ ಮನುಷ್ಯನನ್ನು ಕಂಡರೆ ಆಗುವುದಿಲ್ಲ ಎಂದರ್ಥ. ನಮ್ಮಲ್ಲಿ ‘ಕಾಲೆಳೆಯುವುದು’ ಗೇಲಿ ಮಾಡುವುದೂ ಹೌದು, ಮೇಲೇರುತ್ತಿರುವವನನ್ನು ಕೆಳಕ್ಕೆ ಜಗ್ಗುವುದೂ ಹೌದು. ‘ಯು ಆರ್ ಪುಲ್ಲಿಂಗ್ ಮೈ ಲೆಗ್’ ಎಂಬಲ್ಲಿ ಜಗ್ಗುವ ಕೆಡುಕು ಇಲ್ಲ. ‘ತಮಾಷೆಗೆ ಸುಳ್ಳು ಹೇಳಿ ನನ್ನನ್ನು ನಂಬಿಸಲು ನೋಡುತ್ತಿದ್ದೀಯ’ ಎಂದಷ್ಟೇ. ‘ತಲೆ ತಿನ್ನಬೇಡ’ವನ್ನು ಪದಕ್ಕೆ ಪದವಿಟ್ಟು ಹೇಳಿದರೆ ಬೆಂಗಳೂರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ, ಮ್ಯಾಂಚೆಸ್ಟರಿನಲ್ಲಿ ಕಣ್ಣರಳಿಸಿ ನೋಡುತ್ತಾರೆ. ಅಲ್ಲಿಯವರು ಅಂಥ ಹೊತ್ತಿನಲ್ಲಿ ‘ಇಟ್ಸ್ ಡೂಯಿಂಗ್ ಮೈ ಹೆಡ್ ಇನ್’ ಎನ್ನುತ್ತಾರೆ. ಅಲ್ಲೂ ತಲೆಯೇ, ಆದರೆ ಕ್ರಿಯಾಪದ ಬೇರೆ.

ಪರೀಕ್ಷೆಯ ಗೈಡುಗಳಲ್ಲಿ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ನಂಥ ಬಣ್ಣಬಣ್ಣದ ನುಡಿಗಟ್ಟುಗಳಿಗೆ ಮೊದಲ ಸ್ಥಾನ. ನನ್ನನ್ನು ಕೇಳಿದರೆ ಮೊದಲ ಸ್ಥಾನ ಸಲ್ಲಬೇಕಾದದ್ದು ಕ್ರಿಯಾಪದದ ಬೆನ್ನಿಗೆ ‘ಅಪ್’, ‘ಔಟ್’, ‘ಆಫ್’, ‘ಇನ್’ ಅಂಟಿಕೊಂಡು ಆಗುವ ಜೋಡಿಗಳಿಗೆ. ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ಫ್ರೇಸಲ್ ವರ್ಬ್ ಎಂಬ ಹೆಸರು. ‘ಪುಟ್ ಆಫ್’ ಮುಂದೂಡುವುದು, ‘ಪುಟ್ ಔಟ್’ ಬೆಂಕಿ ಆರಿಸುವುದು, ‘ಪುಟ್ ಡೌನ್’ ಹೀಗಳೆಯುವುದು. ‘ಲುಕ್ ಆಫ್ಟರ್’ ನೋಡಿಕೊಳ್ಳುವುದು, ‘ಲುಕ್ ಇಂಟು’ ವಿಚಾರಣೆ ಮಾಡುವುದು, ‘ಲುಕ್ ಡೌನ್ ಆನ್’ ತುಚ್ಛವಾಗಿ ಕಾಣುವುದು. ಮನೆಯಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ ಇಂಗ್ಲಿಷರು ಆಡುವ ಮಾತಿನ ಬೆನ್ನೆಲುಬೇ ಇವು. ನಮ್ಮ ‘ಕಂಡುಹಿಡಿ’ಯನ್ನು ನೆನೆಸಿಕೊಂಡರೆ ಇವುಗಳ ಜಾಯಮಾನ ತಿಳಿಯುತ್ತದೆ. ಕಾಣುವುದು ಬೇರೆ, ಹಿಡಿಯುವುದು ಬೇರೆ. ಕೂಡಿದಾಗ ಹುಟ್ಟಿದ ಅರ್ಥ ಮೂರನೆಯದು.

ಶಾಲೆಯಲ್ಲಿ ಇವನ್ನು ಯಾಕೆ ನಾವು ಅಷ್ಟಾಗಿ ಕಲಿಯಲಿಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲೂ ನ್ಯಾಯಾಲಯದಲ್ಲೂ ಬಹುಕಾಲ ಫ್ರೆಂಚ್ ನಡೆಯಿತು. ಇಗರ್ಜಿಯಲ್ಲಿ, ವಿದ್ಯೆಯಲ್ಲಿ ಲ್ಯಾಟಿನ್ ಇದ್ದೇ ಇತ್ತು. ಹಾಗಾಗಿ ಒಂದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಎರಡೆರಡು ಮಾತು ಉಳಿದುಕೊಂಡವು. ‘ಪೋಸ್ಟ್‌ಪೋನ್’ ಲ್ಯಾಟಿನ್ ಕಡೆಯದು, ‘ಪುಟ್ ಆಫ್’ ಮನೆಯದು. ‘ಟಾಲರೇಟ್’ ಅತ್ತಣದು, ‘ಪುಟ್ ಅಪ್ ವಿತ್’ ಇತ್ತಣದು. ‘ಇನ್ವೆಸ್ಟಿಗೇಟ್’, ‘ಎಕ್ಸ್‌ಟಿಂಗ್ವಿಶ್’, ‘ಕಂಟಿನ್ಯೂ’ ಎಲ್ಲಕ್ಕೂ ಹೀಗೆ ಒಂದೊಂದು ಮನೆಮಾತಿನ ಜೋಡಿಪದ ಇದೆ. ಸಂಸ್ಕೃತದ ‘ಪ್ರಾರಂಭಿಸು’ ಭಾಷಣಕ್ಕೆ, ‘ಶುರು ಮಾಡು’ ಅಂಗಳಕ್ಕೆ ಎಂಬ ವ್ಯತ್ಯಾಸ ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ನಾವು ಇಂಗ್ಲಿಷ್ ಕಲಿತದ್ದು ಪಠ್ಯಪುಸ್ತಕ ಮತ್ತು ಕಚೇರಿಯ ಕಾಗದಗಳಿಂದ. ಆದ್ದರಿಂದ ನಮ್ಮ ಬಾಯಲ್ಲಿ ಮೊದಲ ಬಗೆಯೇ ಬರುತ್ತದೆ, ಎರಡನೆಯದು ಕಿವಿಗೂ ಅಪರಿಚಿತ.

ಇವುಗಳ ವಿಷಯದಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಿ. ಒಂದು, ಮಾತಿನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಆ ಚಿಕ್ಕ ಪದದ ಮೇಲೆ. ‘ಪುಟ್ ಇಟ್ ಆಫ್’ ಎಂಬಲ್ಲಿ ‘ಪುಟ್ ಇಟ್’ ಎರಡೂ ಗಡಿಬಿಡಿಯಲ್ಲಿ ‘ಪುಟಿಟ್’ ಎಂದು ಕರಗಿಹೋಗುತ್ತವೆ, ‘ಆಫ್’ ಮಾತ್ರ ಎದ್ದು ಕೇಳುತ್ತದೆ. ನಾವು ಕ್ರಿಯಾಪದಕ್ಕೆ ಕಾಯುತ್ತಾ ಕೂತರೆ ಮಾತು ಮುಗಿದುಹೋಗಿರುತ್ತದೆ. ಕಿವಿಯನ್ನು ಕೊನೆಯ ಚಿಕ್ಕ ಪದಕ್ಕೆ ಕೊಡಿ. ಇನ್ನೊಂದು, ‘ಅದು’, ‘ಅವನನ್ನು’ ಎಂಬಂಥ ಸರ್ವನಾಮ ಬಂದರೆ ಅದು ಜೋಡಿಯ ನಡುವೆ ಕೂರುತ್ತದೆ. ‘ಕಾಲ್ ಇಟ್ ಆಫ್’ ಸರಿ, ‘ಕಾಲ್ ಆಫ್ ಇಟ್’ ಅಲ್ಲ. ಆದರೆ ‘ಲುಕ್ ಆಫ್ಟರ್ ಇಟ್’ ಎಂಬಲ್ಲಿ ಹಾಗೆ ಒಡೆಯಲು ಬರುವುದಿಲ್ಲ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದಕ್ಕೆ ನಿಯಮಗಳಿವೆ. ನಿಯಮಕ್ಕಿಂತ ಕೇಳಿದ ವಾಕ್ಯ ಬೇಗ ನೆನಪಿನಲ್ಲಿ ನಿಲ್ಲುತ್ತದೆ.

ಇನ್ನು ದಿನಬಳಕೆಯ ಸಣ್ಣಪುಟ್ಟ ಮಾತುಗಳು. ಬ್ರಿಟನ್ನಿನಲ್ಲಿ ಸಹೋದ್ಯೋಗಿ ಎದುರಾಗಿ ‘ಯು ಆಲ್ ರೈಟ್?’ ಎಂದರೆ ನಿಮ್ಮ ಮುಖ ಬಾಡಿದೆ ಎಂದೇನೂ ಅಲ್ಲ. ಅದು ನಮಸ್ಕಾರ. ನಮ್ಮಲ್ಲಿ ‘ಊಟ ಆಯ್ತಾ?’ ಎಂದು ಕೇಳಿದವರು ಎಲೆ ಹಾಕಲು ಹೊರಟಿರುವುದಿಲ್ಲವಲ್ಲ, ಹಾಗೆ. ‘ಯಾ, ಯು?’ ಎಂದು ನಕ್ಕು ಮುಂದೆ ಹೋದರಾಯಿತು. ಬಾಗಿಲು ಹಿಡಿದು ದಾರಿ ಬಿಟ್ಟರೆ ಅಲ್ಲಿ ‘ಚಿಯರ್ಸ್’ ಎನ್ನುತ್ತಾರೆ. ಲೋಟ ಎತ್ತುವ ಪ್ರಸಂಗವಲ್ಲ, ಬರೀ ಥ್ಯಾಂಕ್ಸ್. ‘ಸೀ ಯು ಲೇಟರ್’ ಎಂದರೆ ಇವತ್ತೇ ಮತ್ತೆ ಭೇಟಿ ಎಂದಲ್ಲ, ‘ಬರ್ತೀನಿ’ ಎಂದಷ್ಟೇ. ನಮ್ಮ ‘ಬರ್ತೀನಿ’ಯೂ ಹೋಗುವವರೇ ಹೇಳುವ ಮಾತು. ಇನ್ನಷ್ಟು ಕಾಫಿ ಬೇಕೇ ಎಂದಾಗ ಅಮೆರಿಕದವರು ‘ಐಯಾಮ್ ಗುಡ್’ ಎಂದರೆ ‘ಸಾಕು, ಬೇಡ’ ಎಂದರ್ಥ. ಕಾಫಿಯೋ ಟೀಯೋ ಎಂದಾಗ ಬ್ರಿಟಿಷರು ‘ಐಯಾಮ್ ಈಸಿ’ ಎಂದರೆ ಯಾವುದಾದರೂ ಆದೀತು ಎಂದರ್ಥ.

ಇವುಗಳಲ್ಲಿ ನಮ್ಮವರನ್ನು ಹೆಚ್ಚು ದಾರಿ ತಪ್ಪಿಸುವುದು ‘ಟೆಲ್ ಮಿ ಅಬೌಟ್ ಇಟ್’. ‘ಸಿಲ್ಕ್ ಬೋರ್ಡ್ ಹತ್ತಿರದ ಟ್ರಾಫಿಕ್ ಸಾಕುಸಾಕು ಮಾಡುತ್ತೆ’ ಎಂದು ನೀವು ಇಂಗ್ಲಿಷಿನಲ್ಲಿ ಹೇಳಿದಿರಿ. ಎದುರಿನವರು ‘ಟೆಲ್ ಮಿ ಅಬೌಟ್ ಇಟ್!’ ಎಂದರು. ಅವರು ವಿವರ ಕೇಳುತ್ತಿಲ್ಲ. ‘ಅಯ್ಯೋ, ನನಗೆ ಗೊತ್ತಿಲ್ವಾ!’ ಎಂದು ನಿಮ್ಮ ಜೊತೆಗೂಡುತ್ತಿದ್ದಾರೆ. ಆಗ ನೀವು ಟ್ರಾಫಿಕ್ಕಿನ ಪುರಾಣ ಬಿಚ್ಚಿದರೆ ಮಾತಿನ ಲಯ ತಪ್ಪುತ್ತದೆ. ದನಿಯ ಏರಿಳಿತದಲ್ಲೇ ಇಲ್ಲಿ ಅರ್ಥ ಇರುವುದು; ನಿಜಕ್ಕೂ ವಿವರ ಕೇಳುವಾಗ ದನಿ ಬೇರೆಯಾಗಿರುತ್ತದೆ. ‘ಗೆಟ್ ಔಟ್ ಆಫ್ ಹಿಯರ್!’ ಕೂಡ ಅಮೆರಿಕದಲ್ಲಿ ಎಷ್ಟೋ ಸಲ ‘ಹೌದಾ! ನಂಬೋಕಾಗಲ್ಲ!’ ಎಂಬ ಉದ್ಗಾರ. ‘ಬಿ ಮೈ ಗೆಸ್ಟ್’ ಎಂದರೆ ‘ಧಾರಾಳವಾಗಿ, ಮಾಡಿ’ ಎಂದು ಒಪ್ಪಿಗೆ ಕೊಡುವುದು. ಬರಹದಲ್ಲಿ ಓದಿ ಇವನ್ನು ಕಲಿಯಲು ಆಗದು. ಕೇಳಬೇಕು, ಮುಖ ನೋಡಬೇಕು.

ಈ ಕಲಿಕೆ ಹರಟೆಗೆ ಮಾತ್ರ ಎಂದುಕೊಳ್ಳಬೇಡಿ. ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಕ್ಕಳು ಬ್ರಿಟನ್, ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹೋಗುವ ಮುಂಚೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಪಾಸು ಮಾಡುತ್ತಾರೆ. ರೋಗಗಳ ಹೆಸರು, ಔಷಧಗಳ ಹೆಸರು ಎಲ್ಲ ಇಂಗ್ಲಿಷಿನಲ್ಲಿ ಬಾಯಿಗೆ ಬರುತ್ತವೆ. ಆದರೆ ವಾರ್ಡಿನಲ್ಲಿ ಮಲಗಿರುವ ಎಂಬತ್ತು ದಾಟಿದ ಅಜ್ಜಿ ಡಾಕ್ಟರ ಭಾಷೆಯಲ್ಲಿ ಮಾತಾಡುವುದಿಲ್ಲ. ಆಕೆ ‘ಐ ನೀಡ್ ಟು ಸ್ಪೆಂಡ್ ಎ ಪೆನಿ’ ಎನ್ನುತ್ತಾಳೆ. ಒಂದು ಪೆನಿ ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತಿದ್ದ ಸಾರ್ವಜನಿಕ ಶೌಚಾಲಯಗಳ ಕಾಲದಿಂದ ಉಳಿದ ಮಾತು ಅದು. ನಮ್ಮ ಅಜ್ಜಿಯರು ‘ಹೊರಕಡೆಗೆ ಹೋಗಬೇಕಿತ್ತು’ ಎನ್ನುವಂತೆ ಮರ್ಯಾದೆಯ ಮರೆ. ಅರ್ಥವಾಗದ ನರ್ಸು ಆಕೆಯ ಪರ್ಸು ಹುಡುಕಿಕೊಡಲು ಹೊರಟರೆ ಆ ಮುದಿಜೀವಕ್ಕೆ ಎಷ್ಟು ಸಂಕೋಚ, ಎಷ್ಟು ಸಂಕಟ!

‘ಪೂರ್ಲಿ’ ಎಂದರೆ ಬಡತನವಲ್ಲ, ಮೈ ಚೆನ್ನಾಗಿಲ್ಲ ಎಂದು. ‘ಅಂಡರ್ ದ ವೆದರ್’, ‘ಆಫ್ ಕಲರ್’ ಕೂಡ ಅದೇ ಜಾತಿ. ‘ಐಯಾಮ್ ಆಫ್ ಮೈ ಫುಡ್’ ಎಂದರೆ ಊಟ ಸೇರುತ್ತಿಲ್ಲ. ‘ಪಿನ್ಸ್ ಅಂಡ್ ನೀಡಲ್ಸ್’ ಎಂದರೆ ಕೈಕಾಲು ಜೋಮು ಹಿಡಿದಿದೆ. ‘ಬಂಗ್ಡ್ ಅಪ್’ ಎಂದರೆ ಮೂಗು ಕಟ್ಟಿದೆ, ಇಲ್ಲವೇ ಮಲಬದ್ಧತೆ; ಸಂದರ್ಭ ನೋಡಿ ತಿಳಿಯಬೇಕು. ‘ದ ರನ್ಸ್’ ಎಂದರೆ ಭೇದಿ. ‘ವಾಟರ್‌ವರ್ಕ್ಸ್’ ಎಂದು ನಗುತ್ತಾ ಹೇಳಿದರೆ ಮೂತ್ರದ ತೊಂದರೆ. ಬ್ರಿಟಿಷ್ ರೋಗಿ ‘ಐ ವಾಸ್ ಸಿಕ್ ಲಾಸ್ಟ್ ನೈಟ್’ ಎಂದರೆ ನಿನ್ನೆ ರಾತ್ರಿ ಕಾಯಿಲೆಯಾಗಿತ್ತು ಎಂದು ಬರೆದುಕೊಳ್ಳಬೇಡಿ; ಬಹುಮಟ್ಟಿಗೆ ವಾಂತಿಯಾಯಿತು ಎಂದು ಆತ ಹೇಳುತ್ತಿದ್ದಾನೆ. ‘ಐ ಹ್ಯಾಡ್ ಎ ಫನ್ನಿ ಟರ್ನ್’ ಎಂಬುದರಲ್ಲಿ ನಗುವಂಥದ್ದು ಏನೂ ಇಲ್ಲ. ‘ಇದ್ದಕ್ಕಿದ್ದಂತೆ ಒಂಥರಾ ಆಯ್ತು’ ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ತಲೆ ತಿರುಗಿದಂತೆ, ಕಣ್ಣು ಕತ್ತಲಿಟ್ಟಂತೆ, ಅದು. ಹಿಂದೆ ಏನೂ ಇಲ್ಲದಿರಬಹುದು, ಪಾರ್ಶ್ವವಾಯುವಿನ ಮುನ್ಸೂಚನೆಯೂ ಇರಬಹುದು. ಕೇಳಿದ ತಕ್ಷಣ ಡಾಕ್ಟರಿಗೆ ಮುಟ್ಟಿಸಬೇಕಾದ ಮಾತು.

ಇಂಥ ಕಡೆ ಬಹಳ ಉಪಯೋಗಕ್ಕೆ ಬರುವ ಅಭ್ಯಾಸವೆಂದರೆ, ಕೇಳಿದ್ದನ್ನು ಸಾದಾ ಇಂಗ್ಲಿಷಿನಲ್ಲಿ ತಿರುಗಿ ಕೇಳುವುದು. ‘ಡು ಯು ಮೀನ್ ಯು ವಾಮಿಟೆಡ್?’ ಎಂದರೆ ರೋಗಿಗೆ ಬೇಸರವಾಗುವುದಿಲ್ಲ; ತನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ಸಮಾಧಾನವಾಗುತ್ತದೆ. ಆದರೆ ರೋಗಿ ಬಳಸಿದ ಮಾತನ್ನೇ ನಾವೂ ಬಳಸಬೇಕೆಂದಿಲ್ಲ. ‘ಐಯಾಮ್ ನ್ಯಾಕರ್ಡ್’ ಎಂದು ದಣಿದ ಮುದುಕ ಹೇಳಬಹುದು; ಆ ಪದದಲ್ಲಿ ಸ್ವಲ್ಪ ಒರಟುತನವಿದೆ, ಹೊಸದಾಗಿ ಬಂದ ನರ್ಸು ಮೇಲಧಿಕಾರಿಯ ಎದುರು ಹೇಳಿದರೆ ಒಪ್ಪುವುದಿಲ್ಲ. ತಿಳಿದುಕೊಳ್ಳಬೇಕಾದ ಮಾತುಗಳು ಬಹಳ, ಆಡಬೇಕಾದವು ಕಡಿಮೆ.

ಯಾವ ಮಾತು ಎಲ್ಲಿ ಸಲ್ಲುತ್ತದೆ ಎಂಬುದನ್ನು ಸಾವಿನ ಮಾತುಗಳಷ್ಟು ಚೆನ್ನಾಗಿ ಇನ್ನಾವುದೂ ಕಲಿಸದು. ಕನ್ನಡದಲ್ಲಿ ‘ನಿಧನರಾದರು’, ‘ತೀರಿಕೊಂಡರು’, ‘ಹೋಗಿಬಿಟ್ಟರು’, ‘ಗೊಟಕ್ ಅಂದ’ ಎಲ್ಲದರ ಅರ್ಥ ಒಂದೇ. ಆದರೆ ಸಾವಿನ ಮನೆಯಲ್ಲಿ ಕೊನೆಯದನ್ನು ಆಡಿದವನನ್ನು ಯಾರೂ ಮನ್ನಿಸರು. ‘ಕಿಕ್ ದ ಬಕೆಟ್’ ನಮ್ಮ ‘ಗೊಟಕ್’ ಮಟ್ಟದ್ದು. 1785ರಷ್ಟು ಹಿಂದೆಯೇ ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನಲ್ಲಿ ಪ್ರಕಟಿಸಿದ ಒರಟು ಮಾತುಗಳ ನಿಘಂಟಿನಲ್ಲಿ ಅದು ಸೇರಿತ್ತು. ಗೈಡುಗಳು ‘ಕಿಕ್ ದ ಬಕೆಟ್ ಎಂದರೆ ಸಾಯುವುದು’ ಎಂದಷ್ಟೇ ಬರೆದು ಬಿಟ್ಟುಬಿಡುತ್ತವೆ. ಈ ಬಿಟ್ಟ ಅರ್ಧವೇ ಅಪಾಯದ್ದು. ದುಃಖದಲ್ಲಿರುವವರ ಎದುರು ‘ಪಾಸ್ಡ್ ಅವೇ’ ಎನ್ನಿ, ಅಥವಾ ಸರಳವಾಗಿ ‘ಡೈಡ್’ ಎನ್ನಿ. ತುಂಬು ಬಾಳು ಬಾಳಿ ಹೋದವರ ಬಗ್ಗೆ ಬ್ರಿಟಿಷರು ‘ಹಿ ಹ್ಯಾಡ್ ಎ ಗುಡ್ ಇನಿಂಗ್ಸ್’ ಎಂದು ಪ್ರೀತಿಯಿಂದ ಹೇಳುವುದುಂಟು. ಅದನ್ನು ಮನೆಯವರು ಹೇಳಿದರೆ ಚೆಂದ. ಹೊರಗಿನವರು ಸುಮ್ಮನೆ ತಲೆದೂಗಿದರೆ ಸಾಕು.

ಇನಿಂಗ್ಸ್ ಎಂದ ಕೂಡಲೇ ಅದು ಕ್ರಿಕೆಟ್ ಮೈದಾನದಿಂದ ಬಂದದ್ದೆಂದು ನಮಗೆ ಗೊತ್ತಾಗುತ್ತದೆ. ಪ್ರತಿಯೊಂದು ಜನಾಂಗವೂ ತಾನು ಬದುಕುವ ನೆಲದಿಂದಲೇ ನುಡಿಗಟ್ಟುಗಳನ್ನು ಎತ್ತಿಕೊಳ್ಳುತ್ತದೆ. ‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬುದು ಬೇಸಾಯ ಮಾಡುವವರ ಬಾಯಲ್ಲಿ ಮಾತ್ರ ಹುಟ್ಟಬಲ್ಲದು. ಇಂಗ್ಲಿಷರು ಸುತ್ತ ಕಡಲಿರುವ ದ್ವೀಪದವರು. ಹಾಯಿಹಡಗಿನ ಮಾತುಗಳು ಅವರಲ್ಲಿ ಹೇರಳ. ಗಾಳಿಗೆ ಎದುರಾಗಿ ಹಡಗು ನಡೆಸುವುದು ‘ಬೈ’, ಗಾಳಿ ಹಿಂದಿನಿಂದ ಅನುಕೂಲವಾಗಿ ಬೀಸುವಾಗ ನಡೆಸುವುದು ‘ಲಾರ್ಜ್’. ಎರಡರಲ್ಲೂ ಚೆನ್ನಾಗಿ ನಡೆಯುವ ಹಡಗಿನಿಂದ ‘ಬೈ ಅಂಡ್ ಲಾರ್ಜ್’ ಬಂತು. ಇವತ್ತು ಅದರ ಅರ್ಥ ‘ಒಟ್ಟಾರೆ ನೋಡಿದರೆ’. ಗಾಳಿ ಒಮ್ಮೆಲೇ ಮುಂದಿನಿಂದ ಬಡಿದು ಹಾಯಿಗಳು ಕಂಬಕ್ಕೆ ಅಪ್ಪಳಿಸಿ ಹಡಗು ತಡೆದು ನಿಂತರೆ ‘ಟೇಕನ್ ಅಬ್ಯಾಕ್’. ಇವತ್ತು ಅದು ದಂಗುಬಡಿಯುವುದು. ಕ್ರಿಕೆಟ್ಟಿನಿಂದ ಬಂದ ‘ಸ್ಟಿಕಿ ವಿಕೆಟ್’ ಪಿಚ್ಚಿಗೆ ಹೊದಿಕೆ ಹಾಕದ ಕಾಲದ ನೆನಪು. ಮಳೆ ಬಿದ್ದು ಆರುತ್ತಿರುವ ನೆಲದಲ್ಲಿ ಚೆಂಡು ಹೇಗೆ ಪುಟಿದೀತೆಂದು ಹೇಳಲಾಗದ ಪೇಚಿನ ಸ್ಥಿತಿ ಅದು.

ಅಮೆರಿಕದವರೊಂದಿಗೆ ಫೋನಿನಲ್ಲಿ ಕೆಲಸ ಮಾಡುವವರಿಗೆ ಕ್ರಿಕೆಟ್ ನೆರವಾಗದು. ಅವರದು ಬೇಸ್‌ಬಾಲ್. ‘ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್’ ಎಂದರೆ ಅಂದಾಜು ಲೆಕ್ಕ ಕೊಡಿ ಎಂದು. ಪೈಸೆ ಪೈಸೆ ಲೆಕ್ಕ ಹಾಕುತ್ತಾ ಎರಡು ದಿನ ತೆಗೆದುಕೊಂಡರೆ ಅವರಿಗೆ ಬೇಕಾದದ್ದು ಸಿಗುವುದಿಲ್ಲ. ‘ಲೆಟ್ಸ್ ಟಚ್ ಬೇಸ್ ಆನ್ ಮಂಡೇ’ ಎಂದರೆ ಸೋಮವಾರ ಒಂದೆರಡು ಮಾತಾಡೋಣ. ‘ಕ್ಯಾನ್ ಐ ಟೇಕ್ ಎ ರೈನ್ ಚೆಕ್?’ ಎಂದರೆ ‘ಇವತ್ತು ಆಗಲ್ಲ, ಇನ್ನೊಮ್ಮೆ ಬರಲಾ?’ ಮಳೆಯಿಂದ ಆಟ ನಿಂತರೆ ಇನ್ನೊಂದು ದಿನದ ಆಟಕ್ಕೆ ಬರಲು ಪ್ರೇಕ್ಷಕರಿಗೆ ಕೊಡುತ್ತಿದ್ದ ಚೀಟಿ ಅದು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದ ಪದ್ಧತಿ. ಕೆಲವು ಮಾತುಗಳಂತೂ ಸಾಗರ ದಾಟಿದರೆ ತಿರುಗಿಬೀಳುತ್ತವೆ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಬದಿಗಿಡುವುದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಈ ಒಂದು ಪದದಿಂದಾಗಿ ಎರಡೂ ದೇಶಗಳ ಅಧಿಕಾರಿಗಳ ನಡುವೆ ದೀರ್ಘ ವಾದ ನಡೆದು, ಕೊನೆಗೆ ಇಬ್ಬರೂ ಬಯಸುತ್ತಿದ್ದದ್ದು ಒಂದನ್ನೇ ಎಂದು ಗೊತ್ತಾದದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ದಾಖಲಿಸಿದ್ದಾರೆ. ಇಂಗ್ಲಿಷ್ ಹುಟ್ಟಿನಿಂದ ಬಂದವರಿಗೇ ಹೀಗಾಗುತ್ತದೆಂದ ಮೇಲೆ ನಾವು ಅಳುಕಬೇಕಿಲ್ಲ.

ಇಂಗ್ಲಿಷ್ ಆಡುಮಾತಿನಲ್ಲಿ ನಮ್ಮ ದೇಶದ ಪಾಲೂ ಇದೆ. ‘ಹ್ಯಾವ್ ಎ ಡೆಕ್ಕೊ’ ಎಂದರೆ ಒಮ್ಮೆ ನೋಡು. ಹಿಂದಿಯ ‘ದೇಖೋ’ ಅದರ ತಾಯಿ. ‘ಗಾನ್ ಡೂಲ್ಯಾಲಿ’ ಎಂದರೆ ತಲೆ ಕೆಟ್ಟಿದೆ ಎಂದು. ಮಹಾರಾಷ್ಟ್ರದ ನಾಸಿಕ್ ಬಳಿಯ ದೇವಳಾಲಿಯಲ್ಲಿ ಬ್ರಿಟಿಷ್ ಸೈನ್ಯದ ಶಿಬಿರವಿತ್ತು. ಸೇವೆ ಮುಗಿಸಿದ ಸಿಪಾಯಿಗಳು ಊರಿಗೆ ಮರಳುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯುತ್ತಾ ಬೇಸತ್ತು ಹೋಗುತ್ತಿದ್ದರು. ಆ ಊರಿನ ಹೆಸರೇ ಈ ಮಾತಾಯಿತು. ಇನ್ನು ನಾವೆಲ್ಲ ದಿನವೂ ಹೇಳುವ ‘ಓಕೆ’ 1839ರ ಮಾರ್ಚ್ 23ರಂದು ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ, ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದ ತಮಾಷೆಯ ಸಂಕ್ಷೇಪವಾಗಿ ಅಚ್ಚಾಯಿತು ಎಂದು ವಿದ್ವಾಂಸ ಅಲನ್ ವಾಕರ್ ರೀಡ್ ಶೋಧಿಸಿ ತೋರಿಸಿದರು.

ಆದರೆ ಹುಟ್ಟಿನ ಕಥೆಗಳನ್ನೆಲ್ಲ ನಂಬಬೇಡಿ. ಹಿಂದಿನ ಕಾಲದಲ್ಲಿ ಹುಲ್ಲಿನ ಚಾವಣಿಯ ಮೇಲೆ ಮಲಗಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದಕ್ಕೇ ‘ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬ ಕಥೆ ಹರಿದಾಡುತ್ತದೆ, ಅದಕ್ಕೆ ಆಧಾರವಿಲ್ಲ. ಜೋನಾಥನ್ ಸ್ವಿಫ್ಟ್ 1738ರಲ್ಲಿ ಆ ಮಾತನ್ನು ಬಳಸಿದ್ದು ಮಾತ್ರ ನಿಜ. ಅದಕ್ಕಿಂತ ಮುಖ್ಯವಾದ ಸಂಗತಿ, ಇವತ್ತು ಇಂಗ್ಲಿಷರ ದಿನದ ಮಾತಿನಲ್ಲಿ ಅದು ಅಪರೂಪ. ಮಳೆ ಹೊಯ್ಯುವಾಗ ‘ಇಟ್ಸ್ ಪೋರಿಂಗ್’ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ‘ಇಟ್ಸ್ ಚಕಿಂಗ್ ಇಟ್ ಡೌನ್’ ಎನ್ನುತ್ತಾರೆ. ಗೈಡಿನ ಮೊದಲ ಪುಟದಲ್ಲಿದೆ ಎಂದು ಹಳೆಯ ಮಾತನ್ನು ಕಲಿತು ಆಡಿದರೆ, ಪಂಪನ ಕಾಲದ ಮಾತನ್ನು ತರಕಾರಿ ಅಂಗಡಿಯಲ್ಲಿ ಆಡಿದ ಹಾಗಾದೀತು.

ನಮ್ಮ ದೇಶದ ಇಂಗ್ಲಿಷಿನಲ್ಲೇ ಹುಟ್ಟಿದ, ಅಥವಾ ಇಲ್ಲಿ ಉಳಿದುಕೊಂಡ ಮಾತುಗಳ ಬಗ್ಗೆಯೂ ಒಂದು ಮಾತು. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ತಪ್ಪುಗಳಲ್ಲ; ಕೋಟ್ಯಂತರ ಜನ ಇಲ್ಲಿ ಅವನ್ನು ಬಳಸಿ ಕೆಲಸ ನಡೆಸುತ್ತಾರೆ, ಅವುಗಳಿಗಾಗಿ ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ಆದರೆ ಹೊರಗಿನವರೊಡನೆ ಮಾತಾಡುವಾಗ ಎರಡರ ಬಗ್ಗೆ ಎಚ್ಚರ ಬೇಕು. ‘ಐ ಪಾಸ್ಡ್ ಔಟ್ ಇನ್ 2015’ ಎಂದರೆ ಬ್ರಿಟನ್, ಅಮೆರಿಕದವರಿಗೆ ನೀವು 2015ರಲ್ಲಿ ಮೂರ್ಛೆ ಹೋದಿರಿ ಎಂದು ಕೇಳಿಸುತ್ತದೆ; ‘ಗ್ರ್ಯಾಜುಯೇಟೆಡ್’ ಎನ್ನಿ. ‘ಐ ಹ್ಯಾವ್ ಎ ಡೌಟ್’ ಎಂದರೆ ಅವರ ಮಾತಿನಲ್ಲಿ ನಿಮಗೆ ನಂಬಿಕೆಯಿಲ್ಲ ಎಂಬ ಧ್ವನಿ ಬರುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.

ನುಡಿಗಟ್ಟುಗಳು ನಾಜೂಕು ಜೀವಗಳು. ಒಳಗಿನ ಪದ ಬದಲಿಸಿದರೆ ಸತ್ತುಹೋಗುತ್ತವೆ. ಎಳ್ಳುನೀರು ಬಿಡಬಹುದು, ಸಾಸಿವೆನೀರು ಬಿಡಲಾಗದು. ಹಾಗೆಯೇ ‘ಪೀಸ್ ಆಫ್ ಕೇಕ್’ ಎಂದರೆ ನೀರು ಕುಡಿದಷ್ಟು ಸುಲಭ. ‘ಸ್ಲೈಸ್ ಆಫ್ ಕೇಕ್’ ಎಂದರೆ ತಿನ್ನುವ ಕೇಕಿನ ಒಂದು ಹೋಳು ಮಾತ್ರ. ‘ಟೇಕ್ ಹಾರ್ಟ್’ ಎಂದರೆ ಧೈರ್ಯ ತಂದುಕೋ. ನಡುವೆ ‘ಟು’ ಸೇರಿ ‘ಟೇಕ್ ಟು ಹಾರ್ಟ್’ ಆದರೆ ಮನಸ್ಸಿಗೆ ಹಚ್ಚಿಕೊಳ್ಳುವುದು. ಕಾಲ ಬದಲಾಗಬಹುದು, ‘ಮೈ’ ಇದ್ದಲ್ಲಿ ‘ಹಿಸ್’ ಬರಬಹುದು. ಅದಕ್ಕಿಂತ ಹೆಚ್ಚು ಕೈಯಾಡಿಸಬೇಡಿ.

ಒಳ್ಳೆಯ ನಿಘಂಟು ಹತ್ತಿರವಿರಲಿ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಎಂದು ನಾವೀಗ ಬಳಸುವ ಗ್ರಂಥ ಮೊದಲು ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಜೊತೆಗಾರರೊಡನೆ ಸಿದ್ಧಪಡಿಸಿದ ಆ ಗ್ರಂಥ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದಾಗ ಅದರ ಹೆಸರಿನಲ್ಲೇ ‘ಇಡಿಯಮ್ಯಾಟಿಕ್’ ಎಂಬ ಪದ ಇತ್ತು. ಪರಭಾಷಿಕರಿಗೆ ಕಷ್ಟ ಎಲ್ಲಿದೆ ಎಂಬುದನ್ನು ತರಗತಿಯಲ್ಲಿ ಕಂಡವರು ಮಾಡಿದ ನಿಘಂಟು ಅದು. ನುಡಿಗಟ್ಟನ್ನು ಅದರ ಮುಖ್ಯ ಪದದ ಕೆಳಗೆ ಹುಡುಕಿ. ‘ಪುಲ್ ಸಮ್‌ಒನ್ಸ್ ಲೆಗ್’ ಒಂದೋ ‘ಲೆಗ್’ನಲ್ಲಿ, ಇಲ್ಲವೇ ‘ಪುಲ್’ನಲ್ಲಿ ಸಿಗುತ್ತದೆ. ಅರ್ಥ ಓದಿ ಮುಚ್ಚಿಡಬೇಡಿ. ಪಕ್ಕದಲ್ಲಿ ಇನ್‌ಫಾರ್ಮಲ್, ಸ್ಲ್ಯಾಂಗ್, ಓಲ್ಡ್ ಫ್ಯಾಷನ್ಡ್, ಅಫೆನ್ಸಿವ್, ಟ್ಯಾಬೂ ಎಂಬ ಗುರುತುಗಳಿರುತ್ತವೆ. ಸ್ನೇಹಿತರ ನಡುವಿನದೇ, ಹಳತಾಗಿದೆಯೇ, ನೋಯಿಸುವಂಥದೇ, ಬಾಯಿಗೆ ತರಬಾರದ್ದೇ ಎಂದು ಅವು ಹೇಳುತ್ತವೆ. ಅರ್ಥದಷ್ಟೇ ಬೆಲೆ ಈ ಗುರುತುಗಳಿಗೂ ಇದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಿಡಿ ಪದ ಬರೆಯಬೇಡಿ. ಸಿನಿಮಾದಲ್ಲೋ ಸಭೆಯಲ್ಲೋ ಕೇಳಿದ ಇಡೀ ವಾಕ್ಯ ಬರೆಯಿರಿ, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳಿದರು ಎಂದು ಬರೆಯಿರಿ. ಪಕ್ಕದಲ್ಲಿ ಅದೇ ಹೊತ್ತಿನಲ್ಲಿ ನಿಮ್ಮ ಅಮ್ಮ ಅಥವಾ ಗೆಳೆಯ ಕನ್ನಡದಲ್ಲಿ ಏನು ಹೇಳುತ್ತಿದ್ದರು ಎಂದು ಬರೆಯಿರಿ. ಧಾರವಾಡದವರು ಧಾರವಾಡದ ಮಾತನ್ನೇ ಬರೆಯಲಿ, ಕುಂದಾಪುರದವರು ಕುಂದಾಪುರದ್ದನ್ನೇ. ಹೀಗೆ ಬೇರೆ ಬೇರೆ ಬಾಯಲ್ಲಿ ಹಲವು ಸಲ ಕೇಳಿದ ಮೇಲೆ ಮಾತ್ರ ಆ ಮಾತನ್ನು ನೀವಾಗಿ ಆಡಿ. ಅಲ್ಲಿಯತನಕ ಸಾದಾ, ಸ್ಪಷ್ಟ ಇಂಗ್ಲಿಷ್ ಸಾಕು. ಅದನ್ನು ಕೇಳಿ ಯಾರೂ ನಿಮ್ಮನ್ನು ಕಡಿಮೆ ಎಂದು ಎಣಿಸುವುದಿಲ್ಲ.

ಕೊನೆಗೆ ಒಂದು ಬೇಡಿಕೆ. ಅರ್ಥವಾಗದ ಮಾತು ಬಂದಾಗ ನಕ್ಕು ತಲೆಯಾಡಿಸುವ ಅಭ್ಯಾಸ ಬಿಡಿ. ‘ಸಾರಿ, ಐ ಹ್ಯಾವಂಟ್ ಹರ್ಡ್ ದಟ್ ಒನ್. ವಾಟ್ ಡಸ್ ಇಟ್ ಮೀನ್?’ ಎಂದು ನೇರವಾಗಿ ಕೇಳಿ. ತಮ್ಮ ಭಾಷೆಯ ಮಾತೊಂದನ್ನು ವಿವರಿಸಿ ಹೇಳುವುದು ಜನರಿಗೆ ಬಹುಮಟ್ಟಿಗೆ ಖುಷಿ ಕೊಡುವ ಕೆಲಸ. ಕೇಳಿದವರಿಗೆ ಅವರು ಸಂತೋಷದಿಂದಲೇ ಹೇಳಿಕೊಡುತ್ತಾರೆ.